ಎರಿ ಹೊಲಕ್ಕೆ ಹಾಕಿದ ಸುಣ್ಣ

ಧಾರವಾಡ ಜಿಲ್ಲೆಯಲ್ಲಿ ಬೆಳ್ಳಗಿರುವ ಗೋಡೆ ಯಾವುದೇ ಇರಲಿ, ಅದಕ್ಕೆ ಬಳಿದ ಸುಣ್ಣ ನಮ್ಮ ಅಜ್ಜ ಸುಟ್ಟದ್ದು. ಕಪ್ಪಗಾದ ಗೋಡೆಗಳಿದ್ದರೆ ಅವು ಅಜ್ಜ ತೀರಿಕೊಂಡ ಮೇಲೆ ಕಟ್ಟಿದವು. ಅಜ್ಜ ಚಂದ್ರನಿಗೂ ಒಂದು ಕೈ ಬಳಿದು ಬಂದಿದ್ದನೆಂದೂ, ಸುಣ್ಣ ಸಾಲದೆ ಬಿಟ್ಟ ಜಾಗವೇ ಇಂದಿಗೂ ಕಲೆಯಾಗಿ ಕಾಣುತ್ತದೆಂದೂ ಕುಬಿಹಾಳದಲ್ಲಿ ಹೇಳುತ್ತಾರೆ. ಹೇಳುವವನು ನಾನೊಬ್ಬನೇ ಇರಬಹುದು. ಆದರೆ ನಾನೂ ಕುಬಿಹಾಳದವನೇ.

ನಾನು ಇಲಿಯಾಸ್. ಇಮಾಮುದ್ದೀನರ ಕಿರಿಯ ಮಗ. ಟೆಂಪೋ ಓಡಿಸುತ್ತೇನೆ. ನನ್ನ ಗಾಡಿ ಗುಡಗೇರಿ ಸಂತೆಗೆ ಹೊರಟಿತೆಂದರೆ ಸ್ಟೇಶನ್ನಿನಲ್ಲಿ ರೈಲು ತಡೆದು ನಿಂತು ನನಗೆ ದಾರಿ ಬಿಡುತ್ತದೆ. ಅಣ್ಣ ಸಲೀಮ್ ಹೊಲ ನೋಡಿಕೊಳ್ಳುತ್ತಾನೆ; ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎತ್ತುಗಳ ಜೊತೆ. ಅವನ ಹೆಂಡತಿ ಮುಮತಾಜ್ ಭಾಬಿ ಕಲಘಟಗಿ ಕಡೆಯವಳು, ಅನ್ನ ಉಂಡು ಬೆಳೆದವಳು. ನಮ್ಮ ಮನೆಗೆ ಬಂದು ಎರಡು ವರ್ಷವಾದರೂ ಅವಳು ಬಡಿದ ರೊಟ್ಟಿಯಲ್ಲಿ ಅಮ್ಮಾನಿಗೆ ದಿನಾಲೂ ಒಂದು ಹೊಸ ತಪ್ಪು ಸಿಗುತ್ತಿತ್ತು. ಅಮ್ಮಾ ಎಂದರೆ ನಸೀಮಾಬಿ. ಅಮ್ಮಾನ ಬಾಯಲ್ಲಿ ಎಲೆ ಅಡಿಕೆ ಇಲ್ಲದ ಗಳಿಗೆಯನ್ನು ಈವರೆಗೆ ಯಾರೂ ಕಂಡಿಲ್ಲ. ನನ್ನನ್ನು ಹೆರುವಾಗಲೂ ಜಗಿಯುತ್ತಿದ್ದಳಂತೆ.

ನಮ್ಮದು ಉರ್ದು, ಕನ್ನಡ ಎರಡನ್ನೂ ಒಂದೇ ತಾಟಿನಲ್ಲಿ ಕಲಸಿ ಉಣ್ಣುವ ಮನೆ. ಜಗಳ ಮಾತ್ರ ಕನ್ನಡದಲ್ಲಿ, ಬಾಜು ಮನೆಯ ರೇವವ್ವನಿಗೂ ತಿಳಿಯಲೆಂದು.

ನಮ್ಮ ಹೊಲ ಎರಿ ಹೊಲ. ಇಂಥ ಕಪ್ಪು ಮಣ್ಣು ಬೇರೆಲ್ಲೂ ಇಲ್ಲ; ರಾತ್ರಿ ಹಚ್ಚಿದ ದೀಪ ಅದರ ಮೇಲೆ ಇಟ್ಟರೆ ಆರಿಹೋಗುತ್ತದೆ. ಆ ಕಪ್ಪಿನೊಳಗೆ ಶೇಂಗಾಬೀಜದಷ್ಟು, ನಿಂಬೆಹಣ್ಣಿನಷ್ಟು ದಪ್ಪದ ಬಿಳಿ ಹರಳುಗಳಿವೆ. ಮಳೆ ಬಿದ್ದು ಮಣ್ಣು ತೊಳೆದಾಗ ಮೇಲೆದ್ದ ಆ ಹರಳುಗಳನ್ನು ಆರಿಸಿ, ಹೊಲದ ಮೂಲೆಯ ಭಟ್ಟಿಯಲ್ಲಿ ಸಗಣಿಯ ಕುಳ್ಳು ಹಾಕಿ ಸುಟ್ಟು, ನೀರು ಚಿಮುಕಿಸಿ ಅರಳಿಸಿದರೆ ಸುಣ್ಣ. ಅಜ್ಜನದು ಅದೇ ಕಸುಬು. ಬಣ್ಣದ ಡಬ್ಬಿಗಳು ಬಂದ ಮೇಲೆ ಯಾರಿಗೂ ಸುಣ್ಣ ಬೇಡವಾಯಿತು. ಭಟ್ಟಿಯ ಬಾಯಲ್ಲಿ ಜಾಲಿ ಬೆಳೆಯಿತು. ಅಬ್ಬಾ ಬೀಜ ಬಿತ್ತುವ ಕುರಿಗಿ ಹಿಡಿದು ಪೂರ್ತಿ ಒಕ್ಕಲಿಗರಾದರು. ಆದರೆ ಯಾರ ಮನೆಗೇ ಹೋಗಲಿ, ಕೂರುವ ಮೊದಲು ಗೋಡೆಯ ಮೇಲೆ ಕೈಯಾಡಿಸಿ, "ಇದು ಡಿಸ್ಟೆಂಪರ್," ಎಂದು ಮುಖ ಸಣ್ಣದು ಮಾಡುವುದನ್ನು ಬಿಡಲಿಲ್ಲ.

ಎಲ್ಲಾ ಶುರುವಾದದ್ದು ಬೇಸಿಗೆಯ ಒಂದು ಮಧ್ಯಾಹ್ನದ ಊಟದಲ್ಲಿ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮಾತು ಬೇಕಿತ್ತಲ್ಲ, ನಾನು ಹಿಂದಿನ ಸುಗ್ಗಿಯಲ್ಲಿ ಭಾಬಿಯನ್ನು ತವರಿಗೆ ಬಿಡಲು ಹೋದಾಗ ಕಂಡದ್ದನ್ನು ತೆಗೆದೆ.

"ಅಬ್ಬಾ, ಭಾಬಿ ತವರಿನ ಗೋವಿನಜೋಳ ನೀವು ನೋಡಬೇಕಿತ್ತು. ತೆನಿ ಒಂದೊಂದು ನನ್ನ ತೋಳಿನಷ್ಟ. ಎರಡ ತೆನಿ ಗಾಡ್ಯಾಗ ಹಾಕಿದೆ, ಹಿಂದಿನ ಗಾಲಿ ಕುಂತಬಿಟ್ಟು."

ಭಾಬಿ ಪಲ್ಯ ಬಡಿಸುತ್ತಿದ್ದಳು. "ಅಷ್ಟೇನಿಲ್ಲ ಇಲಿಯಾಸ್ ಭಾಯಿ. ಮೊದಲಿನಕಿಂತ ಚಲೋ ಬಂದಾವ, ಅಷ್ಟ."

"ಏನ ಹಾಕಿದ್ರು?" ಅಬ್ಬಾ ಕೇಳಿದರು.

"ಸುಣ್ಣರಿ. ನಮ್ಮಪ್ಪ ಮಣ್ಣ ತಪಾಸ ಮಾಡಿಸಿದ್ರು. ಮಣ್ಣು ಹುಳಿ ಐತಿ, ಸುಣ್ಣ ಹಾಕಿದ್ರ ಅದು ಮುರೀತೈತಿ ಅಂತ ಹೇಳಿದ್ರಂತ..."

'ಸುಣ್ಣ' ಎಂಬ ಮಾತಿನ ಆಚೆಗಿನ ಒಂದಕ್ಷರವೂ ಅಬ್ಬಾನ ಕಿವಿಗೆ ಹೋಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. ಅತ್ತ ಅಮ್ಮಾ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳೂ ನಿಂತಿತು. ಏನೋ ಹೇಳಲು ಬಾಯಿ ತೆರೆದವಳು ಭಾಬಿಯ ಮುಖ ನೋಡಿದಳು. ಎಲೆ ಮಡಚಿ ಬಾಯಿಗಿಟ್ಟು ಮುಚ್ಚಿಕೊಂಡಳು.

"ಹೊಲಕ್ಕ ಸುಣ್ಣ," ಎಂದರು ಅಬ್ಬಾ. "ನಮ್ಮ ಅಬ್ಬಾನ ತಲ್ಯಾಗ ಇದು ಬಂದಿದ್ದರ ನಾವು ಗ್ವಾಡಿ ಬಳಿಯೂದು ಬಿಟ್ಟು ದೇಶಾನ ಬಳೀತಿದ್ವಿ."

"ಮೊದಲ ರೈತ ಸಂಪರ್ಕ ಕೇಂದ್ರಕ್ಕ ಮಣ್ಣ ಒಯ್ದು ತೋರಸೂಣ್ರಿ," ಎಂದ ಅಣ್ಣ. ಆ ದಿನದ ಅವನ ಒಂಬತ್ತನೆಯ ಮಾತು.

"ಲೇ ಸಲೀಮ್, ಸುಣ್ಣದಾಗ ಹುಟ್ಟಿ ಸುಣ್ಣದಾಗ ಬೆಳೆದಾವ ನಾನು. ನನಗ ಸುಣ್ಣದ ಸುದ್ದಿ ಯಾವನೋ ಕಾಗದ ಓದಿ ಹೇಳಬೇಕೇನು?"

ಮರುದಿನವೇ ಭಟ್ಟಿಯ ಜಾಲಿ ಕಡಿದಾಯಿತು. ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಹೊಲದಲ್ಲಿ ಹರಳು ಆರಿಸಿದೆವು. ನಾನು ಆರಿಸಿದ ಹರಳಿನಿಂದ ಒಂದು ಗುಡ್ಡವೇ ಆಗಿ ಸಂಜೆಯ ಸೂರ್ಯ ಬೇಗ ಮುಳುಗಿದ. ಅಮ್ಮಾ ಮಳೆಗಾಲಕ್ಕೆಂದು ಒಟ್ಟಿಟ್ಟ ಕುಳ್ಳಿನ ಬಣವೆ ಭಟ್ಟಿಗೆ ಹೋದಾಗ ದೊಡ್ಡ ಜಗಳವಾಯಿತು.

"ಜಿಟಿಜಿಟಿ ಮಳ್ಯಾಗ ಒಲಿಗೆ ಏನ ಹಾಕ್ಲಿ? ನಿಮ್ಮ ಗಡ್ಡಾನ?"

"ಗ್ಯಾಸ್ ಐತಲ್ಲ."

"ಗ್ಯಾಸಿನ ಮ್ಯಾಲ ರೊಟ್ಟಿ ಬೇಯಿಸಿದ್ರ ತಾಟ ದೂಡೂ ಮನಷ್ಯಾ ನೀವ ಅಲ್ಲೇನು?"

ಕುಳ್ಳಿಗಾಗಿ ಅಮ್ಮಾ ಇಡೀ ಓಣಿ ಕೇಳುವಂತೆ ಕೂಗಾಡಿದಳು. ಸುಣ್ಣದ ಬಗ್ಗೆ ಒಂದೂ ಮಾತಾಡಲಿಲ್ಲ. ಮಾತಾಡಿದವಳು ರೇವವ್ವ, ಹಿತ್ತಲ ಗೋಡೆಯ ಆಚೆಯಿಂದ ಕತ್ತು ಚಾಚಿ, "ಇಮಾಮಣ್ಣಾ, ಹೊಲದಾಗಿನ ಹರಳ ತಗದು, ಸುಟ್ಟು, ಹೊಳ್ಳಿ ಹೊಲಕ್ಕ ಹಾಕತೀರಿ? ಭಾಳ ಚಲೋ ಆಟ ಐತಿ ಬಿಡ್ರಿ," ಎಂದಳು.

"ಸುಟ್ಟ ಸುಣ್ಣದ ಗುಣ ಬ್ಯಾರೆ, ರೇವವ್ವಾ. ನಿನಗ ತಿಳಿಯೂದಿಲ್ಲ."

ಭಟ್ಟಿ ಹತ್ತಿತು. ಅದರ ಹೊಗೆಗೆ ಹುಬ್ಬಳ್ಳಿಗೆ ಬರುವ ವಿಮಾನ ಇಳಿಯಲಾರದೆ ಬೆಳಗಾವಿಗೆ ಹೋಯಿತು. ಸುಟ್ಟ ಹರಳಿಗೆ ಅಬ್ಬಾ ನೀರು ಚಿಮುಕಿಸಿದಾಗ ಅದು ಬುಸುಗುಟ್ಟಿ, ಸೀಳಿ, ಹೂವಿನ ಹಾಗೆ ಅರಳಿತು. ಅಬ್ಬಾನ ಬಾಗಿದ ಬೆನ್ನು ಅಂದು ನೆಟ್ಟಗಾದದ್ದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. ಹೊಲದ ತುಂಬ ಸುಣ್ಣ ಎರಚಿ, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಮನೆಗೆ ಬಂದವರು ಹೊಸ್ತಿಲಲ್ಲೇ ಕೂಗಿದರು:

"ಮುಮತಾಜ್ ಬೇಟಿ, ಚಹಾ ತಾ. ನೀನ ಮಾಡು. ನಿನ್ನ ಕೈಯಿಂದ ಈ ಮನಿಗೆ ಬರ್ಕತ್ ಬಂತು."

ಒಲೆಯ ಮುಂದೆ ಚಹಾ ಸೋಸುತ್ತಿದ್ದ ಅಮ್ಮಾ ಸೋಸುವುದನ್ನು ನಿಲ್ಲಿಸಿ, ಆ ಚಹಾವನ್ನು ತಾನೇ ಕುಡಿದಳು. ಸಕ್ಕರೆ ಹಾಕಿಕೊಳ್ಳಲಿಲ್ಲ.

ಮುಂಗಾರಿನ ಮಿರಗದ ಮಳೆ ಸರಿಯಾಗಿ ಬಿತ್ತು. ಶೇಂಗಾ ಬಿತ್ತಿದೆವು. ಮೊಳಕೆ ಎಷ್ಟು ಜೋರಾಗಿ ಎದ್ದಿತೆಂದರೆ ಹೊಲದಲ್ಲಿ ಕುಳಿತಿದ್ದ ಕಾಗೆಯನ್ನು ಎತ್ತಿ ಒಗೆಯಿತು. ಕುಂದಗೋಳದ ಚಹಾದ ಅಂಗಡಿಯಲ್ಲಿ ಅಬ್ಬಾ ಹೋದವರನ್ನು ಬಂದವರನ್ನು ನಿಲ್ಲಿಸಿ, "ನಮ್ಮ ಸೊಸಿ ತಂದ ಬುದ್ಧಿ," ಎನ್ನುತ್ತಿದ್ದರು. ಅದನ್ನು ಕೇಳಿ ಬಂದವರು ನಮ್ಮ ಕಟ್ಟೆಯ ಮೇಲೆ ಕುಳಿತು ಅಮ್ಮಾನಿಗೆ ಹೇಳುತ್ತಿದ್ದರು. ಅಮ್ಮಾ ಅಂದು ಸಾರಿಗೆ ಉಪ್ಪು ಹೆಚ್ಚು ಹಾಕುತ್ತಿದ್ದಳು. ಉಂಡವರು ಊರ ಬಾವಿ ಬತ್ತಿಸುವಷ್ಟು ನೀರು ಕುಡಿಯುತ್ತಿದ್ದೆವು.

ಸಾಲಿನ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವ ಹೊತ್ತಿಗೆ ಎಲೆಯ ಬಣ್ಣ ತಿಳಿಯಾಯಿತು. ನರ ಹಸಿರಾಗಿಯೇ ಉಳಿದು ನಡುವಿನ ಎಲೆ ಹಳದಿಗೆ ತಿರುಗಿತು.

"ಸುಣ್ಣ ಕಡಿಮಿ ಬಿದ್ದೇತಿ," ಎಂದರು ಅಬ್ಬಾ. ಉಳಿದಿದ್ದ ಸುಣ್ಣವನ್ನೂ ಸಾಲುಗಳ ನಡುವೆ ಎರಚಿಸಿದರು. ಆಮೇಲೆ ಹೊಲವೆಲ್ಲ ಮದುವೆಯ ಹಿಂದಿನ ದಿನ ಹಲ್ದಿ ಹಚ್ಚಿಸಿಕೊಂಡ ಹಾಗಾಯಿತು. ಎಳೆಯ ಎಲೆಗಳಂತೂ ಬೆಳ್ಳಗೆ, ಕಾಗದದ ಹಾಗೆ. ಗುಡಗೇರಿ ದಾರಿಯಲ್ಲಿ ಹೋಗುವವರು ಅದರ ಹೊಳಪಿಗೆ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಭಾಬಿ ತಂದೆಗೆ ಫೋನು ಹಚ್ಚಿದಳು. ರಮಜಾನ್ ಚಾಚಾನ ದನಿ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಇಟ್ಟವನು ನಾನೇ.

"ಎರಿ ಹೊಲಕ್ಕ ಹಾಕಿದ್ರೇನ್ರಿ ಬೀಗ್ರ?" ಎಂದರು ರಮಜಾನ್ ಚಾಚಾ. "ನಮ್ಮದು ಮಸಾರಿ, ಕೆಂಪ ಮಣ್ಣು. ಮಳಿ ಹೆಚ್ಚ ಬಿದ್ದು ಸುಣ್ಣೆಲ್ಲಾ ತೊಳಕೊಂಡ ಹೋಗಿ ಹುಳಿ ಆಗಿರತೈತಿ. ಎರಿ ಮಣ್ಣಿನ ಹೊಟ್ಟ್ಯಾಗ ಮೊದಲ ಸುಣ್ಣ ತುಂಬೇತಲ್ರಿ. ಮ್ಯಾಲ ಮತ್ತ ಹಾಕಿದ್ರ ಬೆಳಿಗೆ ಕಬ್ಬಿಣದ ಅಂಶ ಸಿಗೂದಿಲ್ಲ. ಅನ್ನಭೇದಿ, ಕಬ್ಬಿಣದ ಉಪ್ಪು ಅದು, ನೀರಾಗ ಕಲಸಿ, ಲಿಂಬಿಹುಳಿ ಹಿಂಡಿ, ಎಲಿಗೆ ಹೊಡೀರಿ. ಸ್ವಲ್ಪ ಸುಧಾರಸ್ತೈತಿ."

ಅಬ್ಬಾ ಫೋನು ಕಿತ್ತುಕೊಂಡು ಆರಿಸಿದರು.

"ನನಗ ಸುಣ್ಣದ ಸುದ್ದಿ ಕಲಿಸ್ತಾನ ಇವ. ಮೊದಲ ಮಗಳ ಕಡಿಂದ ಹಾಕಂತ ಹೇಳಸೂದು, ಆಮ್ಯಾಲ ನಗೂದು."

"ಅಪ್ಪ ನಗಲಿಲ್ಲರಿ ಅಬ್ಬಾ," ಎಂದಳು ಭಾಬಿ. "ಹಾಕ್ರಿ ಅಂತನೂ ನಾ ಅಂದಿಲ್ಲ."

"ಊರೆಲ್ಲಾ ಹೇಳೇನಿ ನಿನ್ನ ಬುದ್ಧಿ ಅಂತ. ಈಗ ಊರೆಲ್ಲಾ ನನ್ನ ಕೇಳ್ತೈತಿ. ಹೊಲ ಹಸಿರಾಗೋತನಕ ಈ ಮನ್ಯಾವರು ಯಾರೂ ಆ ಮನಿ ಹೊಸ್ತಿಲ ತುಳಿಯಾಂಗಿಲ್ಲ."

ಭಾಬಿಯ ಒಬ್ಬಳೇ ತಂಗಿ ರುಬಿಯಾಳ ನಿಕಾಹ್ ಬರುವ ತಿಂಗಳು. ತಾಯಿ ಇಲ್ಲದ ಮನೆ. ರುಬಿಯಾಳ ತಲೆ ಬಾಚಿ ಬೆಳೆಸಿದವಳೇ ಭಾಬಿ.

"ರುಬಿಯಾನ ನಿಕಾಹ್ ಐತ್ರಿ ಅಬ್ಬಾ. ನಾ ಇಲ್ಲಾಂದ್ರ ಹಲ್ದಿ ಹಚ್ಚಾಕ ಮನ್ಯಾಗ ಹೆಂಗಸರಿಲ್ಲರಿ."

"ನನಗ ಯಾಕ ಹೇಳ್ತಿ? ಹೊಲಕ್ಕ ಹೇಳು."

ಅಮ್ಮಾ ಅಡಿಕೆ ಕತ್ತರಿಸುತ್ತ ಕುಳಿತಿದ್ದಳು. ಅಡಕತ್ತಿನ ಸದ್ದು ನಿಲ್ಲಲಿಲ್ಲ.

ಭಾಬಿ ಹೊಲಕ್ಕೇ ಹೇಳಿದಳು. ಕುಂದಗೋಳದಿಂದ ಅನ್ನಭೇದಿ ತರಿಸಿ, ಲಿಂಬೆ ಹಿಂಡಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲು ಸಾಲು ಅಡ್ಡಾಡಿದಳು. ಮಳೆ ಬಂದು ತೊಳೆದರೆ ಬಿಸಿಲು ಬಿದ್ದೊಡನೆ ಮತ್ತೆ ಹೊಡೆದಳು. ಬೆಳಗ್ಗೆ ರೊಟ್ಟಿ ಬಡಿದಿಟ್ಟು ಹೋದರೆ ಮಧ್ಯಾಹ್ನ ಬಂದು ಬಟ್ಟೆ ಒಗೆಯುವುದು, ಸಂಜೆ ಮತ್ತೆ ಹೊಲ. ಕೈಬೆರಳೆಲ್ಲ ಅನ್ನಭೇದಿಯ ಕಂದು ಹಿಡಿದು, ಮೆಹಂದಿ ಅರ್ಧಕ್ಕೆ ಅಳಿಸಿದ ಹಾಗೆ ಕಾಣುತ್ತಿತ್ತು. ಉಣ್ಣುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಬ್ಬಾ ದಿನಾ ಹೊಲಕ್ಕೆ ಹೋಗಿ ಬಂದು, ಕಾಲು ತೊಳೆಯುತ್ತ, ಬಚ್ಚಲಿಗೆ ಹೇಳುವಂತೆ ಹೇಳುತ್ತಿದ್ದರು: "ಇನ್ನೂ ಹಳದಿ ಐತಿ."

ಒಂದು ದಿನ ಅಣ್ಣನಿಗೂ ಅವಳಿಗೂ ಹೊಲದ ಬದುವಿನ ಮೇಲೆಯೇ ಮಾತು ಬೆಳೆಯಿತು. ನಾನು ನೀರಿನ ಕ್ಯಾನು ಇಳಿಸುತ್ತಿದ್ದೆ.

"ಮಣ್ಣ ತೋರಸೂಣು ಅಂದಾವ್ರು ನೀವು," ಎಂದಳು. "ಅದನ್ನ ಇನ್ನೊಮ್ಮೆ ಅನ್ರಿ ನಿಮ್ಮ ಅಬ್ಬಾನ ಮುಂದ. ಅಷ್ಟ ಸಾಕು."

"ಈಗ ಅಂದ್ರ ಅವರಿಗೆ ಚುಚ್ಚಿದಾಂಗ ಆಗತೈತಿ."

"ನನಗ ದಿನಾ ಚುಚ್ಚತೈತ್ರಿ. ಅದು?"

ಅಣ್ಣ ಪಂಪಿನ ಹಿಡಿಕೆ ಹಿಡಿದು ನಿಂತ. ಅವನ ಆ ದಿನದ ಹತ್ತೂ ಮಾತು ಮುಗಿದಿದ್ದವೇನೋ.

ನಾನು ಮಧ್ಯೆ ಬಂದೆ. "ಭಾಬಿ, ಚಿಂತಿ ಮಾಡಬ್ಯಾಡ. ನಿಕಾಹ್ ದಿನ ನಿನ್ನ ಗಾಡ್ಯಾಗ ಕುಂಡರಿಸಿ ಹೊಡದೆ ಅಂದ್ರ ಅಬ್ಬಾ ಕಣ್ಣ ತಗಿಯೂದ್ರಾಗ ಕಲಘಟಗಿ."

"ಕದ್ದ ಹೋಗೂದಾದ್ರ ನನಗ ಕಾಲ ಅದಾವ ಇಲಿಯಾಸ್ ಭಾಯಿ," ಎಂದಳು. "ಕಳಿಸಿದ್ರ ಹೋಗಬೇಕು."

ನಿಕಾಹ್ ಹತ್ತಿರ ಬಂತು. ಬೀಗರ ಮನೆಗೆ ಮದುವೆಯ ಕರೆ ಹೇಳಲು ಹಿರಿಯರೇ ಬರಬೇಕು. ಶುಕ್ರವಾರ ನಮಾಜಿನ ಹೊತ್ತು ಕಳೆದ ಮೇಲೆ ರಮಜಾನ್ ಚಾಚಾ ಬಸ್ಸಿಳಿದು ಬಂದರು. ಒಂದು ಕೈಯಲ್ಲಿ ಮಿಠಾಯಿ ಪೊಟ್ಟಣ, ಒಂದು ಕೈಯಲ್ಲಿ ಕೆಂಪು ಮಣ್ಣು ಮೆತ್ತಿದ ಕೊಡೆ. ಅಬ್ಬಾ ಒಳಗಿನ ಕೋಣೆಯಲ್ಲಿ ಮಲಗಿದಂತೆ ಮಾಡಿದರು. ಅಬ್ಬಾ ನಿಜವಾಗಿ ಮಲಗಿದರೆ ಗೊರಕೆಗೆ ಜಂತಿಗಳು ಅಲುಗುತ್ತವೆ. ಅಂದು ಮನೆ ಮಸೀದಿಯ ಹಾಗೆ ಶಾಂತವಾಗಿತ್ತು.

ಚಾಚಾ ಪಡಸಾಲೆಯಲ್ಲಿ ಕುಳಿತರು. ಭಾಬಿ ಚಹಾ ಇಟ್ಟಳು. ತಂದೆ ಅವಳ ಕೈಬೆರಳು ನೋಡಿದರು.

"ಬರೂ ದಾರ್ಯಾಗ ಹೊಲಾ ನೋಡಿ ಬಂದೆ ಬೀಗಿತ್ತಿ," ಎಂದರು ಅಮ್ಮಾನಿಗೆ. "ತುದಿಗೆ ಒಂದೀಟ ಹಸರ ಹೊಡ್ಯಾಕ ಹತ್ತೇತಿ. ಪೂರ್ತಿ ಈ ವರ್ಷ ಆಗೂದಿಲ್ಲ. ಮಗಳನ್ನ ಕಳಸ್ರಿ. ನಿಕಾಹ್ ಆದ ಮ್ಯಾಲ ನಾನ ತಂದ ಬಿಡ್ತೀನಿ."

ಅಮ್ಮಾ ಎಲೆಯ ತೊಟ್ಟು ಮುರಿದಳು. ಚಾಚಾ ಮಾತು ತುಂಬಿಸಲೆಂದು, ಯಾವ ಕಪಟವೂ ಇಲ್ಲದೆ, ಕೇಳಿದರು:

"ಅಲ್ಲರೀ, ಅಲ್ಲೇ ಮೂಲ್ಯಾಗ ಹಳೇ ಭಟ್ಟಿ ಐತಲ್ಲ. ಮೊದಲೂ ಅದರ ಸುತ್ತ ಬಿತ್ತಿದ್ದು ಹಿಂಗ ಹಳದಿ ಬರತಿರಬೇಕಲ್ರಿ?"

ಅಮ್ಮಾ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು.

"ಬರತಿತ್ತು," ಎಂದಳು. "ನಾ ಈ ಮನಿಗೆ ಬಂದಾಗಿಂದ ನೋಡೇನಿ. ಭಟ್ಟಿ ಸುತ್ತ ಏನ ಬಿತ್ತಿದ್ರೂ ಹಳದಿ. ನಮ್ಮ ಮಾವ ಆ ಜಾಗಾ ಬಿಟ್ಟ ಬಿತ್ತಸ್ತಿದ್ರು."

ಒಳಗಿನ ಕೋಣೆಯ ಬಾಗಿಲಲ್ಲಿ ಅಬ್ಬಾ ನಿಂತಿದ್ದರು.

"ನಿನಗ ಗೊತ್ತಿತ್ತು?"

"ನಿಮಗೂ ಗೊತ್ತಿತ್ತು. ಕುರಿಗಿ ಹಿಡಕೊಂಡು ಅಲ್ಲಿ ಎತ್ತ ಹೊಳ್ಳಿಸ್ತಿದ್ದಾವ್ರು ಯಾರು? ನೀವ. ಬುತ್ತಿ ಹೊತ್ಕೊಂಡ ಬಂದು ನೋಡಿದಾಕಿ ನಾನು."

ಅಬ್ಬಾನ ಬಲಗೈ ಮೆಲ್ಲಗೆ ಮೇಲೆದ್ದು, ಕುರಿಗಿಯ ಮೇಳಿ ಹಿಡಿದಂತೆ ಬೆರಳು ಮಡಚಿತು. ಒಂದು ಬದಿಗೆ ತಿರುಗಿತು.

"ಮತ್ತ ಯಾಕ ಹೇಳಲಿಲ್ಲ?"

"ಕೇಳಿದ್ರೇನು?" ಅಮ್ಮಾನ ದನಿ ಏರಲಿಲ್ಲ. ರೇವವ್ವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ನಮ್ಮ ಮನೆಯಲ್ಲಿ ಆಡಿದ ಮೊದಲ ಜಗಳ ಅದು. "ನನ್ನ ತಲಿ ಬೆಳ್ಳಗಾತು, ನಾ ಅಂದದ್ದು ಒಂದ ಮಾತ ನೀವು ಕಿವಿಗೆ ಹಾಕ್ಕೊಂಡಿಲ್ಲ. ಅಕಿ ಉಣ್ಣಾಕ ನೀಡಕೋತ ಒಂದ ಮಾತ ಅಂದ್ಲು, ಭಟ್ಟಿ ಹಚ್ಚಿದ್ರಿ. ಆಗಲಿ, ನೋಡೂಣು ಅಂದೆ."

ಭಾಬಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ನಾ ದಿನಾ ಪಂಪ ಹೊತ್ಕೊಂಡ ಹೋಗೂದು ನೋಡ್ತಿದ್ರಿ ಅಮ್ಮಾ," ಎಂದಳು. "ಬೆನ್ನ ನೋಯತೈತೇನು ಅಂತನೂ ಕೇಳಿದ್ರಿ ಒಮ್ಮೆ. ಎಣ್ಣಿ ಹಚ್ಚಿದ್ರಿ."

ಅಮ್ಮಾ ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ಹಿಂದಿಟ್ಟಳು.

ಅಬ್ಬಾ ಪಡಸಾಲೆಗೆ ಇಳಿದು ರಮಜಾನ್ ಚಾಚಾನ ಎದುರು ಕುಳಿತರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಬೇಕಾದರೆ ಮೊದಲು ಬೆಣ್ಣಿಹಳ್ಳ ಗುಡ್ಡ ಹತ್ತಬೇಕು. ಬಂದ ಮಾತು ಇದು:

"ಬೀಗ್ರ ಚಹಾ ಆರೇತಿ. ಸಲೀಮ್, ಬ್ಯಾರೆ ಹಾಕಿಸು. ಮತ್ತ ನಾಳಿಗೆ ಗಾಡಿ ತಯಾರ ಇಡಂತ ಇಲಿಯಾಸಗ ಹೇಳು."

ನಾನು ಅವರ ಮೊಣಕಾಲಿನ ಹತ್ತಿರವೇ ಕುಳಿತಿದ್ದೆ.

ಮರುದಿನ ಭಾಬಿ ತನ್ನ ಚೀಲಗಳನ್ನು ಟೆಂಪೋದಲ್ಲಿಟ್ಟಳು. ಒಂದು ಮದುವೆಗೆ ಬೇಕಾಗುವುದಕ್ಕಿಂತ ಹೆಚ್ಚು ಚೀಲಗಳಿದ್ದವು. ಅಣ್ಣ ಒಂದೊಂದನ್ನೇ ಎತ್ತಿಕೊಟ್ಟ. ಪ್ರತಿ ಚೀಲವನ್ನೂ ಕೈಯಲ್ಲಿ ತೂಗಿ ನೋಡಿ ಕೊಟ್ಟ. ಅಮ್ಮಾ ರುಬಿಯಾಳಿಗೆಂದು ತನ್ನ ಹಸಿರು ಗಾಜಿನ ಬಳೆಗಳನ್ನು ಕಾಗದದಲ್ಲಿ ಸುತ್ತಿ ತಂದಳು. ಆಮೇಲೆ ಎಲೆ ಅಡಿಕೆ ತಟ್ಟೆ ಹಿಡಿದಳು. ಸೊಸೆಗೆ ಅಮ್ಮಾ ತನ್ನ ತಟ್ಟೆಯನ್ನು ಚಾಚಿದ್ದು ಅದೇ ಮೊದಲು. ಭಾಬಿ ಬಳೆ ತೆಗೆದುಕೊಂಡಳು. ಎಲೆ ತೆಗೆದುಕೊಂಡಳು, ಅಡಿಕೆ ತೆಗೆದುಕೊಂಡಳು. ಅಮ್ಮಾ ಡಬ್ಬಿ ತೆರೆದು ಬೆರಳು ಅದ್ದುವಾಗ ಕೈ ಅಡ್ಡ ಹಿಡಿದಳು.

"ಸುಣ್ಣ ಸಾಕ್ರಿ ಅಮ್ಮಾ."

ಗಾಡಿ ಹೊರಡುವಾಗ ಅಬ್ಬಾ ಬಂದು ಕಿಟಕಿಗೆ ಕೈಯಿಟ್ಟರು. "ನಿಕಾಹ್ ಮುಗಿದ ಮ್ಯಾಲ ಯಾವಾಗ ಬರ್ತಿ ಬೇಟಿ?"

"ಹೊಲ ಹಸಿರಾಗಲ್ರಿ ಅಬ್ಬಾ," ಎಂದಳು ಭಾಬಿ. "ಬರ್ತೀನಿ."

ನಿಕಾಹ್ ಆಗಿ ಎರಡು ವಾರ ಕಳೆದವು. ರಮಜಾನ್ ಚಾಚಾ ತಂದುಬಿಡಲಿಲ್ಲ. ಮನೆಯಲ್ಲಿ ಅಮ್ಮಾ ರೊಟ್ಟಿ ಬಡಿಯುತ್ತಾಳೆ. ಅದರಲ್ಲಿ ತಪ್ಪು ಹುಡುಕುವವರಿಲ್ಲ. ಪಂಪನ್ನು ಈಗ ಅಬ್ಬಾ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ. ಲಿಂಬೆ ಹಿಂಡಿ ಕೊಡುವವಳು ಅಮ್ಮಾ. ಇಬ್ಬರೂ ಮಾತಾಡುವುದಿಲ್ಲ.

ನಿನ್ನೆ ಹೊಲದಲ್ಲಿ ನಿಂತು ನಾನೇ ಫೋನು ಹಚ್ಚಿದೆ.

"ಭಾಬಿ, ಹೊಲ ಏನ ಕೇಳ್ತಿ. ಗಿಳಿ ಹಿಂಡ ಬಂದು ಕುಂತ್ರ ಗಿಳಿ ಯಾವುದು ಎಲಿ ಯಾವುದು ತಿಳಿವಲ್ದು. ಅಷ್ಟ ಹಸರ. ನಾಳೆ ಗಾಡಿ ತರ್ಲಿ?"

ಆ ಕಡೆ ಅವಳು ಸಣ್ಣಗೆ ನಕ್ಕಿದ್ದು ಕೇಳಿಸಿತು. ನಗು ನಿಂತಿತು.

"ಇಲಿಯಾಸ್ ಭಾಯಿ, ನಿಮ್ಮ ಅಣ್ಣನ ಕೈಯಾಗ ಕೊಡ್ರಿ."

ಅಣ್ಣ ಫೋನು ಕಿವಿಗಿಟ್ಟುಕೊಂಡ. ಅಬ್ಬಾ ಸಾಲಿನ ನಡುವೆ ಪಂಪು ಒತ್ತುವುದನ್ನು ನಿಲ್ಲಿಸಿ ಇತ್ತ ನೋಡಿದರು. ನಾನು ಅಣ್ಣನಿಗೆ ಕೈಮುಗಿದು, ಹೂಂ ಅನ್ನು, ಹೂಂ ಅನ್ನು, ಎಂದು ಸನ್ನೆ ಮಾಡಿದೆ. ಅಣ್ಣನಿಗೆ ಸುಳ್ಳು ಬರುವುದಿಲ್ಲ. ನಮ್ಮ ಮನೆಯ ಆ ಆಸ್ತಿ ಪಾಲಾಗದೆ ಪೂರ್ತಿ ನನಗೇ ಬಂದಿದೆ. ಅವನು ಬಗ್ಗಿ ಒಂದು ಗಿಡದ ಎಲೆ ತಿರುವಿ ನೋಡಿದ. ಇನ್ನೊಂದರದ್ದು ನೋಡಿದ.

"ತುದಿ ಅಷ್ಟ ಹಸರ," ಎಂದ.